ಲ್ಯಾಬ್ ಮೇಡಂ ಅವರ ಸಿಂಪಲ್ ಬ್ಲೌಸ್

ಬ್ಲೌಸ್ ಹೊಲಿಸಲು ಬರುವ ಹೆಂಗಸರು ಅಳತೆಯನ್ನು ಇಂಚಿನಲ್ಲಿ ಹೇಳುವುದಿಲ್ಲ, ಇಂಗ್ಲಿಷಿನಲ್ಲಿ ಹೇಳುತ್ತಾರೆ. ಹಾಗಾಗಿ ನನ್ನ ಅಂಗಡಿಯಲ್ಲಿ ದಿನಕ್ಕೊಂದು ಎಡವಟ್ಟು ಆಗಲಿಲ್ಲ ಅಂದರೆ ಅವತ್ತು ಕರೆಂಟ್ ಇರಲಿಲ್ಲ ಅಂತಲೇ ಅರ್ಥ.

ಅಂಗಡಿ ಅಂದರೆ ಮಾರೇನಹಳ್ಳಿಯ ನಮ್ಮ ಮನೆಯ ಕಾರ್ ಶೆಡ್ಡು. ಕಾರು ಯಾವತ್ತೂ ಬರಲಿಲ್ಲ, ಎರಡು ಹೊಲಿಗೆ ಮೆಷಿನ್ ಬಂದವು. ಇಪ್ಪತ್ತಾರು ವರ್ಷದಿಂದ ನಾನು ಕತ್ತರಿಸಿ ಹೊಲಿಯುತ್ತೇನೆ. ನಮ್ಮತ್ತೆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಹುಕ್ಕು ಹಾಕುತ್ತಾರೆ, ಹೆಮ್ಮಿಂಗ್ ಮಾಡುತ್ತಾರೆ. ಆ ಕೆಲಸಕ್ಕೆ ಕಣ್ಣು ಬೇಕು, ಕೈ ಬೇಕು, ಬಾಯಿ ಬೇಡ. ಹೀಗಾಗಿ ಅವರ ಬಾಯಿ ಬೆಳಗಿನಿಂದ ಸಂಜೆವರೆಗೂ ಬಿಡುವಾಗಿಯೇ ಇರುತ್ತದೆ.

ಡೀಸೆಂಟ್, ಸಿಂಪಲ್, ಗ್ರ್ಯಾಂಡ್, ಅರ್ಜೆಂಟ್. ಡಿಕ್ಷನರಿಯಲ್ಲಿ ಈ ಪದಗಳಿಗೆ ಏನರ್ಥ ಕೊಟ್ಟಿದ್ದಾರೋ ನಾನು ನೋಡಿಲ್ಲ. ನಮ್ಮ ಏರಿಯಾದಲ್ಲಂತೂ ಒಬ್ಬೊಬ್ಬರ ಬೆನ್ನಿಗೆ ಒಂದೊಂದು ಅರ್ಥ. ಅದನ್ನೆಲ್ಲ ಅರೆದು ಕುಡಿದಿದ್ದೇನೆ ಅಂತ ನನಗೊಂದು ಜಂಬ ಇತ್ತು. ಈ ವರ್ಷ ಆರ್‌ಪಿಸಿ ಲೇಔಟಿನ ಒಬ್ಬರು ಮೇಡಂ ಮಗಳ ಮದುವೆಗೆ ತಾವು ಉಡುವ ಸೀರೆಯ ಬ್ಲೌಸ್ ಪೀಸ್ ತಂದುಕೊಟ್ಟು, "ಸಿಂಪಲ್ ಇರ್ಲಿ" ಅಂದರು. ಆ ಒಂದು ಮಾತನ್ನು ನಾನು ತಪ್ಪು ತಿಳಿದುಕೊಂಡಿದ್ದರೆ ಅವರು ಮಗಳ ಮದುವೆಯಲ್ಲಿ ಕಂಬದ ಹಿಂದೆಯೇ ನಿಂತುಬಿಡುತ್ತಿದ್ದರು. ಆ ಕಥೆಗೆ ಬರುವ ಮುಂಚೆ, ಈ ಇಂಗ್ಲಿಷನ್ನು ನಾನು ಕಲಿತದ್ದು ಹೇಗೆ ಅಂತ ಹೇಳಬೇಕು.

೧. ಡೀಸೆಂಟ್

ಅಂಗಡಿ ತೆರೆದ ಹೊಸತು. ಬಸವೇಶ್ವರನಗರದಿಂದ ಒಬ್ಬರು ಟೀಚರ್ ಬಂದರು. ಹಿಂದಿನ ಕತ್ತು ಎಷ್ಟು ಇಳಿಸಲಿ ಅಂತ ಕೇಳಿದೆ. ಡೀಸೆಂಟಾಗಿ ಇರಲಿ ಅಂದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಡೀಸೆಂಟ್ ಅಂದರೆ ಮರ್ಯಾದಸ್ಥರು ಅಂತ ತಿಳಿದು ಐದು ಇಂಚಿಗೆ ನಿಲ್ಲಿಸಿದೆ. ಹಾಕಿ ನೋಡಿದ ಟೀಚರ್, ಇದನ್ನು ನಮ್ಮ ಅಜ್ಜಿಗೆ ಕೊಡ್ತೀನಿ, ನನಗೊಂದು ಹೊಲಿದುಕೊಡಿ ಅಂದರು.

ಪಾಠ ಕಲಿತೆ. ಮುಂದಿನ ವಾರ ಇನ್ನೊಬ್ಬರು ಬಂದು ಡೀಸೆಂಟ್ ಅಂದಾಗ ಧೈರ್ಯವಾಗಿ ಎಂಟು ಇಂಚು ಇಳಿಸಿದೆ. ಅವರು ಬ್ಲೌಸ್ ಹಿಡಿದುಕೊಂಡು, ಗಂಡನನ್ನೂ ಕರೆದುಕೊಂಡು ಜಗಳಕ್ಕೇ ಬಂದರು. ಗಂಡ ಮಾತ್ರ ಚೆನ್ನಾಗೇ ಇದೆಯಲ್ಲ ಅಂದುಬಿಟ್ಟ. ಜಗಳ ನನ್ನನ್ನು ಬಿಟ್ಟು ಅವನ ಕಡೆ ತಿರುಗಿತು.

ಅವತ್ತು ನಮ್ಮತ್ತೆ ನನಗೊಂದು ಉಪದೇಶ ಕೊಟ್ಟರು. "ಅವ್ರು ಏನಂದ್ರು ಅಂತ ಕೇಳಿಸ್ಕೋಬೇಡ ಕಣಮ್ಮ. ಯಾರನ್ನ ಜೊತೇಲಿ ಕರ್ಕೊಂಡು ಬಂದವ್ರೆ ಅಂತ ನೋಡು."

ಅಲ್ಲಿಂದಲೇ ನನ್ನ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳಿನ ಜೊತೆಗೆ ಇನ್ನೊಂದು ಕಾಲಂ ಸೇರಿತು. ಬಸವೇಶ್ವರನಗರದ ಟೀಚರ್ ಹೆಸರಿನ ಮುಂದೆ ಇವತ್ತಿಗೂ ಹೀಗೆ ಬರೆದಿದೆ: ಡೀಸೆಂಟ್ ಅಂದರೆ ಏಳೂವರೆ. ಅವರ ಅತ್ತೆ ಜೊತೆಗೆ ಬಂದು ಡೀಸೆಂಟ್ ಅಂದರೆ, ಅತ್ತೆಯ ಎದುರಿಗೆ ಐದೂವರೆ ಅಂತ ಜೋರಾಗಿ ಹೇಳಿ ಏಳೂವರೆಯೇ ಕತ್ತರಿಸುವುದು.

೨. ಅರ್ಜೆಂಟ್

ನಿಧಾನಕ್ಕೆ ಕೊಡಿ ಆಂಟಿ ಅಂದವರು ಮಾರನೇ ಬೆಳಿಗ್ಗೆ ಬಂದು ಬಾಗಿಲು ತಟ್ಟುತ್ತಾರೆ. ತುಂಬ ಅರ್ಜೆಂಟು ಅಂದವರು ಅಂಗಡಿ ಕಡೆ ತಲೆಹಾಕಿಯೂ ಮಲಗುವುದಿಲ್ಲ. ಇದು ನಮ್ಮ ಕಸುಬಿನ ನಿಯಮ.

ಪಕ್ಕದ ಕ್ರಾಸಿನ ಹುಡುಗಿ ಒಬ್ಬಳು ನಿಶ್ಚಿತಾರ್ಥಕ್ಕೆ ಅಂತ ಬ್ಲೌಸ್ ಕೊಟ್ಟಳು. ಅರ್ಜೆಂಟ್ ಆಂಟಿ, ನೀವೇ ಕಾಪಾಡ್ಬೇಕು ಅಂತ ಕೈ ಹಿಡಿದುಕೊಂಡಳು. ಬೇರೆಯವರದ್ದನ್ನೆಲ್ಲ ಪಕ್ಕಕ್ಕಿಟ್ಟು, ಮಾಡಿದ ಉಪ್ಪಿಟ್ಟನ್ನೂ ಆರಲು ಬಿಟ್ಟು ಹೊಲಿದುಕೊಟ್ಟೆ. ಹೊಲಿದೆ ಅಷ್ಟೇ, ಕೊಡಲಿಲ್ಲ. ಅವಳು ಬರಲೇ ಇಲ್ಲ. ಬೇರೆ ಸೀರೆ ಉಟ್ಟಳಂತೆ. ಮದುವೆಯೂ ಆಯಿತು, ಊಟಕ್ಕೂ ಹೋಗಿ ಬಂದೆವು. ಬ್ಲೌಸ್ ಮೊಳೆಗೆ ನೇತುಹಾಕಿದ್ದು ಹಾಗೇ ಇತ್ತು.

ಒಂದೂವರೆ ವರ್ಷದ ಮೇಲೆ ಬಂದಳು. ಸೀಮಂತವಂತೆ. ಬ್ಲೌಸನ್ನು ಮೈಗೆ ಹಿಡಿದು ನೋಡಿ, ನಾಚಿಕೊಂಡು, ಒಳಗೆ ಮಾರ್ಜಿನ್ ಬಿಟ್ಟಿದೀರಾ ಆಂಟಿ ಅಂತ ಕೇಳಿದಳು. ಪಕ್ಕದ ಹೊಲಿಗೆ ಬಿಚ್ಚಿ ದೊಡ್ಡದು ಮಾಡಲು ಬಟ್ಟೆ ಉಳಿಸಿದ್ದೀರಾ ಅಂತ. ಯಾವಾಗ ಬೇಕು ಅಂತ ಕೇಳಿದೆ. "ಅರ್ಜೆಂಟು ಆಂಟಿ."

ನಮ್ಮತ್ತೆ ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದರು, "ಎಲ್ಲಾ ಬಿಚ್ಬೇಡ ಕಣೇ, ಒಂದು ಹೊಲಿಗೆ ಇರ್ಲಿ. ನಾಮಕರಣಕ್ಕೆ ಬತ್ತಾಳೆ."

೩. ರೆಡಿ

ಗಿರಾಕಿಗಳನ್ನು ಮಾತ್ರ ಆಡಿಕೊಂಡರೆ ದೇವರು ಮೆಚ್ಚುವುದಿಲ್ಲ. ನಮ್ಮ ಕಸುಬಿನವರ ಇಂಗ್ಲಿಷೂ ಒಂದಿದೆ, ಅದು ರೆಡಿ. ಫೋನಿನಲ್ಲಿ ನಾನು, "ರೆಡಿ ಮೇಡಂ, ಹುಕ್ಕು ಒಂದೇ ಬಾಕಿ" ಅಂದರೆ ನಿಮ್ಮ ಬಟ್ಟೆ ನೀವು ಕೊಟ್ಟ ಕವರಿನಿಂದ ಇನ್ನೂ ಹೊರಗೆ ಬಂದಿಲ್ಲ ಅಂತ ತಿಳಿಯಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿದ್ದವರು ಒಬ್ಬರೇ, ಲ್ಯಾಬ್ ಮೇಡಂ.

ಮದುವೆ ಬ್ಲೌಸಿನ ಮೇಡಂ ಅಂದೆನಲ್ಲ, ಇವರೇ. ಜ್ಞಾನಭಾರತಿ ಕಡೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಒಬ್ಬಳೇ ಮಗಳು. ಗಂಡ ಹೋದಾಗಿನಿಂದ ಅವರು ಹೊಲಿಸಿದ್ದೆಲ್ಲ ಸಿಂಪಲ್. ಅಂದರೆ ಮೊಣಕೈವರೆಗೆ ತೋಳು, ಕತ್ತಿಗೆ ಅಂಟಿದ ಕತ್ತು, ಪೈಪಿಂಗೂ ಇಲ್ಲ. ಅದನ್ನು ಹೊಲಿಯುವಾಗ ನನಗೇ ಬೇಜಾರಾಗುತ್ತಿತ್ತು.

ಒಂದು ಭಾನುವಾರ, ಕೊಟ್ಟಿದ್ದ ಬ್ಲೌಸ್ ಆಯ್ತಾ ಅಂತ ಅವರ ಫೋನು ಬಂತು. ರೆಡಿ ಮೇಡಂ, ಹುಕ್ಕು ಒಂದೇ ಬಾಕಿ ಅಂದೆ. ಅಯ್ಯೋ ಪಾಪ, ನಿಮ್ಮತ್ತೆಗೆ ಯಾಕೆ ತೊಂದರೆ, ನಾನು ಮನೆಯಲ್ಲಿ ಸುಮ್ಮನೆ ಕೂತಿದೀನಿ, ನಾನೇ ಬಂದು ಹಾಕಿಕೊಳ್ತೀನಿ ಅಂದರು. ಹತ್ತು ನಿಮಿಷಕ್ಕೆ ಆಟೋದಲ್ಲಿ ಬಂದು ಇಳಿದರು. ಪರ್ಸಿನಲ್ಲಿ ಸೂಜಿ ದಾರವನ್ನೂ ತಂದಿದ್ದರು.

ನಾನು ಬೆವರಿಬಿಟ್ಟೆ. ಅತ್ತೆ ಮಾತ್ರ ಏನೂ ಆಗಿಲ್ಲದವರ ಹಾಗೆ ಎದ್ದು, ಯಾರದೋ ಮದುಮಗಳ ಬ್ಲೌಸನ್ನು ತೆಗೆದು ಅವರ ಕೈಗೆ ಕೊಟ್ಟರು. ತೋಳಿನ ತುಂಬ ಜರಿ ದಾರದ ಆರಿ ವರ್ಕಿನ ಕಸೂತಿ, ಮಣಿ. ಇದಕ್ಕೆ ಒಂದೆರಡು ಹುಕ್ಕು ಹಾಕಿಕೊಡವ್ವ, ಅಷ್ಟರಲ್ಲಿ ನಿಂದನ್ನ ಇಸ್ತ್ರಿ ಮಾಡ್ತಾಳೆ ಅಂದರು. ನಾನು ಪರದೆಯ ಹಿಂದೆ ಓಡಿ ಅವರ ಬಟ್ಟೆಯನ್ನು ಕತ್ತರಿಸಲು ಶುರು ಮಾಡಿದೆ.

ಒಂದೂಕಾಲು ಗಂಟೆಯಲ್ಲಿ ಮುಗಿಸಿದೆ, ನನ್ನ ಜನ್ಮದಲ್ಲೇ ಅಷ್ಟು ಬೇಗ ಹೊಲಿದಿಲ್ಲ. ಪರದೆ ಸರಿಸಿ ನೋಡಿದರೆ ಮೇಡಂ ಹುಕ್ಕು ಹಾಕಿ ಯಾವಾಗಲೋ ಮುಗಿಸಿದ್ದರು. ಆ ಬ್ಲೌಸಿನ ತೋಳನ್ನು ಮಡಿಲ ಮೇಲೆ ಹರಡಿಕೊಂಡು ಒಂದೊಂದೇ ಮಣಿಯನ್ನು ಬೆರಳಿನಲ್ಲಿ ಮುಟ್ಟಿ ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಅದನ್ನು ಪಟ್ಟನೆ ಮಡಿಚಿಟ್ಟರು.

ಹೋಗುವಾಗ ಬ್ಲೌಸ್ ಕೈಗೆ ತೆಗೆದುಕೊಂಡು ಅವರು ಅಂದದ್ದು ಇಷ್ಟೇ: "ಇಸ್ತ್ರಿ ತುಂಬಾ ಚೆನ್ನಾಗಿ ಮಾಡ್ತೀರ. ಕತ್ತರಿ ಸೌಂಡ್ ಬರೋ ಇಸ್ತ್ರಿ ಪೆಟ್ಟಿಗೆ ನಾನೆಲ್ಲೂ ನೋಡಿರ್ಲಿಲ್ಲ."

೪. ಸಿಂಪಲ್

ಮಗಳಿಗೆ ಮದುವೆ ಗೊತ್ತಾಯಿತು. ಮೇಡಂ ತಮ್ಮ ಸೀರೆ ತಂದರು. ತಿಳಿ ಬೂದು ಬಣ್ಣದ ರೇಷ್ಮೆ, ಅದಕ್ಕೆ ಕಡು ಹಸಿರು ಅಂಚು. ಬೂದು ಬಣ್ಣ ಅವರ ನಾದಿನಿ ಆರಿಸಿದ್ದಂತೆ. ಬ್ಲೌಸ್ ಪೀಸ್ ಮಾತ್ರ ಅಂಚಿನ ಹಸಿರು. ಅದನ್ನು ಬಿಡಿಸಿ ಮೇಜಿನ ಮೇಲೆ ಹಾಕಿದಾಗ ನಮ್ಮ ಟ್ಯೂಬ್‌ಲೈಟಿಗೇ ಒಂದು ಕಳೆ ಬಂತು.

"ಸಿಂಪಲ್ ಇರ್ಲಿ. ನಾನು ಹೆಂಗೂ ಹಿಂದೆ ಎಲ್ಲಾದ್ರೂ ನಿಂತಿರ್ತೀನಿ. ಧಾರೆಗೆ ನಾದಿನೀನೂ ಅವ್ರ ಯಜಮಾನ್ರೂ ಕೂತ್ಕೋತಾರೆ" ಅಂದರು.

ಹೆತ್ತು, ಹನ್ನೆರಡು ವರ್ಷ ಒಬ್ಬರೇ ದುಡಿದು ಓದಿಸಿದವರು ಹಿಂದೆ ನಿಲ್ಲಬೇಕು. ಅತ್ತೆ ಏನೋ ಹೇಳಲು ಬಾಯಿ ತೆರೆದರು. ನಾನು ಬೇಡ ಅಂತ ಕಣ್ಣು ಮಾಡಿದೆ. ಅಪರೂಪಕ್ಕೆ ಸುಮ್ಮನಾದರು.

ಮಾರನೇ ದಿನ ಮಗಳು ಸ್ಕೂಟರಿನಲ್ಲಿ ಬಂದಳು. ಹೆಲ್ಮೆಟ್ಟನ್ನೂ ತೆಗೆಯದೆ, "ಆಂಟಿ, ಅಮ್ಮ ಏನೇ ಹೇಳಿರ್ಲಿ, ಅಮ್ಮಂದು ಗ್ರ್ಯಾಂಡಾಗಿರ್ಬೇಕು. ನಾನು ಹೇಳ್ದೆ ಅಂತ ಹೇಳ್ಬೇಡಿ" ಅಂದಳು. ಅಮ್ಮ ಹಾಕಿಕೊಳ್ಳದಿದ್ದರೆ ಏನು ಮಾಡಲಿ ಅಂತ ಕೇಳಿದೆ. ಅದು ನಿಮ್ಮ ಟ್ಯಾಲೆಂಟ್ ಆಂಟಿ ಅಂತ ಹೇಳಿ ಹೊರಟೇಹೋದಳು.

ಅದರ ಮಾರನೇ ದಿನ ನಾದಿನಿ ಬಂದರು. ಮೈತುಂಬ ಒಡವೆ, ಕೈಯಲ್ಲಿ ತಮ್ಮದೇ ನಾಲ್ಕು ಬ್ಲೌಸ್ ಪೀಸು. ನಾಲ್ಕಕ್ಕೂ ವರ್ಕ್ ಮಾಡಿಸಬೇಕಂತೆ. ಅದೆಲ್ಲ ಹೇಳಿ ಮುಗಿಸಿ ದನಿ ತಗ್ಗಿಸಿದರು. ಅತ್ತಿಗೇದು ಮಾತ್ರ ಸಿಂಪಲ್ ಇರಲಿ, ನಮ್ಮ ಕಡೆ ಜನ ಒಂಥರಾ, ಆಮೇಲೆ ಆಡಿಕೊಳ್ತಾರೆ, ನಾನು ಅವರ ಒಳ್ಳೇದಕ್ಕೇ ಹೇಳ್ತಿರೋದು, ನಾನು ಬಂದಿದ್ದೆ ಅಂತ ಹೇಳಬೇಡಿ. ಆಡಿಕೊಳ್ಳುವ ಜನ ಯಾರು ಅಂತ ನಾನು ಕೇಳಲಿಲ್ಲ. ಎದುರಿಗೇ ನಿಂತಿದ್ದರು.

ಬ್ಲೌಸ್ ಒಂದು, ಆರ್ಡರು ಮೂರು. ಮೂರು ದಿನ ಆ ಹಸಿರು ಬಟ್ಟೆ ನನ್ನ ಮೇಜಿನ ಮೇಲೇ ಕೂತಿತ್ತು. ಗಿರಾಕಿ ಹೇಳಿದ್ದನ್ನು ಮೀರಿ ಕತ್ತರಿ ಹಾಕುವುದು ನಮ್ಮಲ್ಲಿ ಮಹಾಪಾಪ. ಹೇಳಿದ ಹಾಗೆ ಹೊಲಿದುಬಿಟ್ಟರೆ ಯಾರೂ ನನ್ನನ್ನು ಬೈಯುವುದಿಲ್ಲ, ಅದೂ ನಿಜ. ಆದರೆ ಮಣಿಗಳನ್ನು ಮುಟ್ಟುತ್ತಿದ್ದ ಆ ಬೆರಳುಗಳನ್ನು ಕಂಡ ಮೇಲೆ ನನಗೆ ಹಾಗೆ ಹೊಲಿಯಲು ಮನಸ್ಸೇ ಬರಲಿಲ್ಲ.

ಕೊನೆಗೆ ಅತ್ತೆ ತೀರ್ಪು ಕೊಟ್ಟರು. "ಮುಂದೆ ಸಿಂಪಲ್ ಮಾಡು, ಬೆನ್ನಿಗೆ ವರ್ಕ್ ಮಾಡ್ಸು. ಸೆರಗು ಹೊದ್ಕೊಂಡ್ರೆ ನಾದಿನಿ ಆರ್ಡರು, ತೆಗುದ್ರೆ ಮಗಳ ಆರ್ಡರು."

ಮೇಡಂ ಆರ್ಡರ್ ಯಾವುದು ಅಂತ ಕೇಳಿದೆ. ಅದನ್ನ ಅವರೇ ಇನ್ನೂ ಹೇಳಿಲ್ಲವಲ್ಲ, ಹಾಕಿ ನೋಡಿದಾಗ ಹೇಳ್ತಾರೆ ಬಿಡು ಅಂದರು.

೫. ಟ್ರಯಲ್

ವಿಜಯನಗರದ ಆರಿ ವರ್ಕಿನವರ ಕೈಯಲ್ಲಿ ಬೆನ್ನ ಭಾಗಕ್ಕೆ ಜರಿ ದಾರದ ಮಲ್ಲಿಗೆ ಬಳ್ಳಿ ಮಾಡಿಸಿದೆ. ಅಲ್ಲಲ್ಲಿ ಸಣ್ಣ ಮಣಿ. ಬಾಡಿಯನ್ನು ಕಚ್ಚಾ ಹೊಲಿಗೆ ಹಾಕಿ ಕೂಡಿಸಿ, ತೋಳುಗಳನ್ನು ಇನ್ನೂ ಸೇರಿಸದೆ, ಮೇಡಂ ಅವರನ್ನು ಟ್ರಯಲ್‌ಗೆ ಕರೆದೆ.

ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಮುಂದಿನಿಂದ ನೋಡಿದರೆ ಎಂದಿನ ಹಾಗೇ. ಸರಿ ಇದೆಯಲ್ಲ, ಹಿಂದೆ ಯಾಕೋ ಭಾರ ಅನಿಸ್ತಿದೆ ಅಂದರು. ಅತ್ತೆ ಕೈಗನ್ನಡಿ ತಂದು ಅವರ ಬೆನ್ನ ಹಿಂದೆ ಹಿಡಿದರು. ಮೇಡಂ ಕತ್ತು ತಿರುಗಿಸಿ ನೋಡಿದರು.

ಅವರಿಗೆ ಸಿಟ್ಟು ಬಂತೋ ಅಳು ಬಂತೋ ನನಗೆ ಗೊತ್ತಾಗಲಿಲ್ಲ. ನಾನೇ ಶುರು ಮಾಡಿದೆ. ತಪ್ಪಾಯಿತು ಮೇಡಂ, ಸೆರಗಿನಲ್ಲಿ ಮುಚ್ಚಿಹೋಗುತ್ತೆ, ಯಾರಿಗೂ ಕಾಣಲ್ಲ, ಬೇಡ ಅಂದರೆ ಬಿಚ್ಚಿಸಿಬಿಡ್ತೀನಿ. ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋದೆ.

ಅವರು ಇನ್ನೂ ಕೈಗನ್ನಡಿಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ಚೆನ್ನಾಗಿದೆ ಕಣ್ರೀ. ಆದ್ರೆ ಇದು ಊರೋರಿಗೆಲ್ಲ ಕಾಣತ್ತೆ, ನನಗೊಬ್ಳಿಗೇ ಕಾಣಲ್ಲ. ತೋಳಿಗೂ ಹಾಕ್ಸಿ. ಅದಾದ್ರೆ ನಾನೂ ನೋಡ್ಕೋಬಹುದು."

ನನ್ನ ಕೊರಳಲ್ಲೇ ಇದ್ದ ಟೇಪನ್ನು ಮೇಜಿನ ಮೇಲೆಲ್ಲ ಹುಡುಕಿದೆ. ಅತ್ತೆ ಕೈಗನ್ನಡಿ ಕೆಳಗಿಟ್ಟು ಮೂಗು ಒರೆಸಿಕೊಂಡರು, ನೆಗಡಿ ಅಂದರು.

ಮೇಡಂ ಬಾಗಿಲವರೆಗೂ ಹೋಗಿ ತಿರುಗಿ ಬಂದರು. ಮಗಳಿಗೂ ಹೇಳಬೇಡಿ, ನಾದಿನಿಗೂ ಹೇಳಬೇಡಿ ಅಂದರು. ಸರಿ ಅಂತ ತಲೆಯಾಡಿಸಿದೆ. ಅವರು ಗೇಟು ದಾಟಿದ ಮೇಲೆ ಅತ್ತೆ ಲೊಚಗುಟ್ಟಿದರು. "ಹುಕ್ಕಿಗಿಂತ ಗುಟ್ಟೇ ಜಾಸ್ತಿ ಆಯ್ತಲ್ಲೇ ಈ ಬ್ಲೌಸಿಗೆ."

೬. ಗ್ರ್ಯಾಂಡ್

ಮದುವೆ ಕೆಂಗೇರಿ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ. ನಾನೂ ಅತ್ತೆಯೂ ಮೆಟ್ರೋದಲ್ಲಿ ಹೋದೆವು. ನಾನು ಮದುವೆಗೆ ಹೋದರೆ ಮೊದಲು ಬೆನ್ನುಗಳನ್ನು ನೋಡುತ್ತೇನೆ, ಆಮೇಲೆ ಮುಖಗಳನ್ನು. ಅವತ್ತು ಹುಡುಕಿದ್ದು ಒಂದೇ ಬೆನ್ನು.

ಮೇಡಂ ನಿಜವಾಗಿಯೂ ಕಂಬದ ಪಕ್ಕದಲ್ಲೇ ನಿಂತಿದ್ದರು. ಸೆರಗನ್ನು ಎರಡೂ ಭುಜಕ್ಕೆ ಸುತ್ತಿ ಹೊದ್ದಿದ್ದರು. ಹಸಿರು ತೋಳು ಒಂದಿಷ್ಟೂ ಕಾಣುತ್ತಿರಲಿಲ್ಲ. ಹೊದಿಸಿದ್ದು ನಾದಿನಿ ಅಂತ ಕೇಳದೆಯೇ ಗೊತ್ತಾಯಿತು, ಯಾಕೆಂದರೆ ಅವರು ಪಕ್ಕದಲ್ಲೇ ಕಾವಲು ನಿಂತಿದ್ದರು. ನಾದಿನಿ ಹೂವಿನವನನ್ನು ವಿಚಾರಿಸಲು ಆ ಕಡೆ ಹೋದರು. ಮದುಮಗಳು, ತಲೆತುಂಬ ಮೊಗ್ಗಿನ ಜಡೆ ಹೊತ್ತುಕೊಂಡೇ ಮಂಟಪದಿಂದ ಇಳಿದು ಬಂದು ಅಮ್ಮನ ಸೆರಗನ್ನು ಸರಕ್ಕನೆ ಎಳೆದು ಇಳಿಬಿಟ್ಟು ಹೋದಳು. ನಾದಿನಿ ವಾಪಸ್ ಬಂದವರು, ಅಯ್ಯೋ ಅತ್ತಿಗೆ, ಜಾರಿದೆ ಅಂತ ಮತ್ತೆ ಹೊದಿಸಿದರು. ಅವರು ಮದುವೆ ಮಾಡಿಸುವ ಸ್ವಾಮಿಗಳ ಹತ್ತಿರ ಮಾತಾಡಲು ಹೋದರು. ಮದುಮಗಳು ಇಳಿದು ಬಂದಳು. ಹೀಗೆ ಮೂರು ಸಲ ನಡೆಯಿತು. ಹೊದ್ದುಕೊಳ್ಳುವ ಹೆಂಗಸು ಮಾತ್ರ ಬೊಂಬೆಯ ಹಾಗೆ ನಿಂತೇ ಇದ್ದರು. ಸೆರಗಿಗೆ ಬಾಯಿ ಇದ್ದಿದ್ದರೆ ಅದೇ ನ್ಯಾಯ ಕೇಳುತ್ತಿತ್ತು.

ಅಷ್ಟರಲ್ಲಿ ಓಲಗದವರು ಗಟ್ಟಿಮೇಳಕ್ಕೆ ಸಿದ್ಧರಾದರು. ಧಾರೆಗೆ ಹುಡುಗಿಯ ಕಡೆಯವರು ಬನ್ನಿ ಅಂತ ಮಂಟಪದಿಂದ ಕರೆದರು. ನಾದಿನಿಯೂ ಅವರ ಯಜಮಾನರೂ ಮೇಲೆ ಹತ್ತಿದರು. ಮದುಮಗಳು ಅವರನ್ನು ನೋಡಲಿಲ್ಲ, ಕಂಬದ ಕಡೆಯೇ ನೋಡುತ್ತಿದ್ದಳು. ಅಮ್ಮ ಬರದೆ ಕೈ ಚಾಚುವುದಿಲ್ಲ ಅಂದಳಂತೆ. ಸ್ವಾಮಿಗಳು ಹೊತ್ತು ಮೀರುತ್ತೆ ಅಂದರು. ಇಡೀ ಛತ್ರ ತಿರುಗಿ ಮೇಡಂ ಕಡೆ ನೋಡಿತು. ನಾನು ಕಂಬದ ಹತ್ತಿರ ಹೋದೆ.

ಮೇಡಂ ನನ್ನ ಕಡೆ ತಿರುಗಿದರು. "ಪಿನ್ ಇದ್ಯಾ?"

ಟೈಲರ್ ಹತ್ತಿರ ಪಿನ್ ಇದೆಯಾ ಅಂತ ಕೇಳುವುದುಂಟೇ. ನನ್ನ ಬಳೆಗೆ ಆರು ಪಿನ್ನು ಸಿಕ್ಕಿಸಿಕೊಂಡೇ ಹೋಗಿದ್ದೆ. ಅವರು ಸೆರಗನ್ನು ತಾವೇ ತೆಗೆದು, ಚಿಕ್ಕ ಚಿಕ್ಕ ನೆರಿಗೆ ಹಿಡಿದು, ಎಡ ಭುಜದ ಮೇಲೆ ಇಟ್ಟುಕೊಂಡರು. ನಾನು ಪಿನ್ ಹಾಕಿದೆ. ಅವಸರದಲ್ಲಿ ಒಂದು ಸಲ ನನ್ನ ಬೆರಳಿಗೇ ಚುಚ್ಚಿತು. ಬಳ್ಳಿಯಷ್ಟೂ ಬೆನ್ನ ತುಂಬ ಕಂಡಿತು. ತೋಳಿನ ಮಣಿಗಳನ್ನು ಒಂದು ಸಲ ಕೈಯಾಡಿಸಿ ನೋಡಿಕೊಂಡು, ಅವರು ಸೀದಾ ನಡೆದುಹೋಗಿ ಮಂಟಪ ಹತ್ತಿ ಮಗಳ ಪಕ್ಕ ನಿಂತರು. ಹುಡುಗಿ ಅಳುತ್ತಾ ನಗುತ್ತಿದ್ದಳು. ನಮ್ಮತ್ತೆಗೆ ಆ ಛತ್ರದಲ್ಲೂ ನೆಗಡಿ ಬಂತು.

ನಾದಿನಿ ಬಗ್ಗಿ, ನಗುಮುಖ ಕೆಡಿಸಿಕೊಳ್ಳದೆ, ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದರು. ಪಕ್ಕದಲ್ಲಿದ್ದ ಮೈಕು ಅದನ್ನು ಛತ್ರಕ್ಕೆಲ್ಲ ಕೇಳಿಸಿತು. "ಏನತ್ತಿಗೆ ಇದು, ಟೈಲರ್‌ಗೆ ಸಿಂಪಲ್ ಇರ್ಲಿ ಅಂತ ಹೇಳಿದೀನಿ ಅಂದಿದ್ರಲ್ಲ?"

ಮೇಡಂ ಮಗಳ ಕೈ ಹಿಡಿದುಕೊಂಡು ಶಾಂತವಾಗಿ ಹೇಳಿದರು, "ಸಿಂಪಲ್ ಅಂತ ಹೇಳಿದ್ದಕ್ಕೇ ಇಷ್ಟರಲ್ಲಿ ನಿಂತಿದೆ ಕಣೇ. ಗ್ರ್ಯಾಂಡ್ ಅಂದಿದ್ದಿದ್ರೆ ಇವತ್ತು ಮದುಮಗಳು ಯಾರು ಅಂತ ಹುಡುಕ್ಬೇಕಾಗ್ತಿತ್ತು."